ಜೂನ್‌ನಲ್ಲಿ ಕ್ರೂಸ್ ಹೊರಟಿದ್ದೇವೆ: ಅಪ್ಪನ ಎರಡು ಡೋಸ್ ಸಾಕಾಗುತ್ತದೆಯೇ?

ಪ್ರಶ್ನೆ: ನಾವು ಐದು ಜನ 2022ರ ಜೂನ್ ಎರಡನೇ ವಾರದಲ್ಲಿ ಇಟಲಿಯ ಟ್ರಿಯೆಸ್ಟ್‌ನಿಂದ ಹೊರಟು, ಕ್ರೊಯೇಷಿಯಾದ ದುಬ್ರೊವ್ನಿಕ್, ಮಾಂಟೆನೆಗ್ರೊದ ಕೊಟೊರ್, ಗ್ರೀಸ್‌ನ ಕಾರ್ಫು ನೋಡಿಕೊಂಡು ಟ್ರಿಯೆಸ್ಟ್‌ಗೇ ಮರಳುವ ಏಳು ರಾತ್ರಿಗಳ ಕ್ರೂಸ್‌ಗೆ ಹಣ ಕಟ್ಟಿದ್ದೇವೆ. ಅಪ್ಪನಿಗೆ 72 ವರ್ಷ, ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಅವರಿಗೆ ಕೋವಿಡ್ ಲಸಿಕೆಯ ಎರಡನೇ ಡೋಸ್ ಆದದ್ದು 2021ರ ಆಗಸ್ಟ್ 10ರಂದು. 2022ರ ಜನವರಿ 15ರಂದು ಕೋವಿಡ್ ದೃಢಪಟ್ಟು ಮನೆಯಲ್ಲೇ ವಾಸಿಯಾಯಿತು, ಬೂಸ್ಟರ್ ತೆಗೆದುಕೊಂಡಿಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಬೇಕು. ಮಗಳಿಗೆ ನಾಲ್ಕು ವರ್ಷ, ಲಸಿಕೆ ಆಗಿಲ್ಲ. ‘ಎರಡು ಡೋಸ್ ಆಗಿದ್ದರೆ ಸಾಕು, ಹಡಗಿನಲ್ಲಿರುವವರೆಲ್ಲ ಲಸಿಕೆ ಹಾಕಿಸಿಕೊಂಡವರೇ’ ಎಂದು ಏಜೆಂಟರು ಹೇಳುತ್ತಾರೆ. ಆದರೆ 2020ರಲ್ಲಿ ಕೋವಿಡ್‌ನಿಂದಾಗಿ ಜಪಾನಿನ ಯೊಕೊಹಾಮಾದಲ್ಲಿ ನಿಂತ ಹಡಗಿನ ಚಿತ್ರಗಳು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಹೋಗುವುದೇ, ಮುಂದಕ್ಕೆ ಹಾಕುವುದೇ? ಇನ್ನೊಂದು ಮಾತು: ಅಪ್ಪನಿಗೆ ಅಲರ್ಜಿಯ ಕೆಮ್ಮು ಆಗಾಗ ಬರುತ್ತದೆ. ಅದನ್ನು ಆರೋಗ್ಯದ ಫಾರ್ಮ್‌ನಲ್ಲಿ ಬರೆಯಲೇಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಆತಂಕಗಳು ಹೆಣೆದುಕೊಂಡಿವೆ. ಹಡಗಿನಲ್ಲಿ ಸೋಂಕು ತಗಲಿ ಅಪ್ಪನ ಜೀವಕ್ಕೆ ತೊಂದರೆಯಾದೀತೇ ಎಂಬುದು ಒಂದು. ಕಾಗದಪತ್ರ ಸರಿಯಿಲ್ಲವೆಂದೋ ಪರೀಕ್ಷೆ ಪಾಸಿಟಿವ್ ಬಂತೆಂದೋ ಯಾವುದಾದರೂ ಬಂದರಿನಲ್ಲಿ ನಿಮ್ಮನ್ನು ತಡೆದಾರೇ ಎಂಬುದು ಇನ್ನೊಂದು. ಹಡಗುಗಳಲ್ಲಿ ವೈದ್ಯನಾಗಿ ಹಲವು ವರ್ಷ ಕೆಲಸ ಮಾಡಿ, ಈಗ ಪ್ರಯಾಣಕ್ಕೆ ಹೊರಡುವವರಿಗೆ ಆರೋಗ್ಯ ಸಲಹೆ ಕೊಡುತ್ತಿರುವ ನನ್ನ ಅನುಭವದಲ್ಲಿ, ಜನ ಮೊದಲನೆಯದಕ್ಕೆ ಹೆದರುತ್ತಾರೆ, ಆದರೆ ಪೆಟ್ಟು ತಿನ್ನುವುದು ಎರಡನೆಯದರಿಂದ. ನೀವು ಜ್ವರಕ್ಕಿಂತ ಹೆಚ್ಚಾಗಿ, ಜ್ವರ ಬಂದ ಮೇಲೆ ಪರದೇಶದ ಬಂದರಿನಲ್ಲಿ ಕಳೆಯಬೇಕಾಗಬಹುದಾದ ಹತ್ತು ದಿನಗಳಿಗೆ ಸಿದ್ಧರಾಗಬೇಕು.

ಯೊಕೊಹಾಮಾದ ವಿಷಯವನ್ನು ಮೊದಲು ಮುಗಿಸೋಣ. 2020ರ ಫೆಬ್ರುವರಿಯಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗಿನಲ್ಲಿದ್ದ 3,711 ಜನರಲ್ಲಿ 712 ಮಂದಿಗೆ ಸೋಂಕು ದೃಢಪಟ್ಟಿತು, ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಪರೀಕ್ಷೆಯ ಹೊತ್ತಿನಲ್ಲಿ ಯಾವ ಲಕ್ಷಣವೂ ಇರಲಿಲ್ಲ. ಆಗ ಲಸಿಕೆ ಇರಲಿಲ್ಲ, ಪರೀಕ್ಷೆಯ ಕಿಟ್‌ಗಳಿಗೆ ಬರವಿತ್ತು, ಕ್ವಾರಂಟೈನ್ ಘೋಷಣೆಯಾಗುವ ಮೊದಲೇ ಹಲವು ದಿನ ಜನ ಒಟ್ಟಿಗೆ ಉಂಡು, ಕುಣಿದು, ನಾಟಕ ನೋಡಿದ್ದರು. ಪ್ರಯಾಣಿಕರನ್ನು ಕ್ಯಾಬಿನ್‌ಗಳಲ್ಲಿ ಕೂರಿಸಿದ ಮೇಲೂ ಸಿಬ್ಬಂದಿ ಊಟ ಹಂಚುತ್ತ ಓಡಾಡಲೇಬೇಕಾಯಿತು, ಅವರು ಉಳಿದುಕೊಳ್ಳುವುದೋ ಹಂಚಿಕೊಂಡ ಇಕ್ಕಟ್ಟಿನ ಕೋಣೆಗಳಲ್ಲಿ. ಎ.ಸಿ. ಕೊಳವೆಯೊಳಗಿಂದ ವೈರಸ್ ಹರಿದು ಕ್ಯಾಬಿನ್‌ನಿಂದ ಕ್ಯಾಬಿನ್‌ಗೆ ನುಗ್ಗುತ್ತದೆಂಬ ಚಿತ್ರ ಜನರ ಮನಸ್ಸಿನಲ್ಲಿ ಕುಳಿತುಬಿಟ್ಟಿದೆ. ಹಡಗಿನ ಒಳಗನ್ನು ಕಂಡವರಿಗೆ ಅದಕ್ಕಿಂತ ಭಯವಾಗುವುದು ಊಟದ ಮೇಜು, ಲಿಫ್ಟ್ ಮತ್ತು ಬಾರ್ ಕೌಂಟರ್. ಒಂದೇ ಛಾವಣಿಯಡಿ ಒಬ್ಬರಿಗೊಬ್ಬರು ಮುಖಕ್ಕೆ ಮುಖ ಕೊಟ್ಟು ಗಂಟೆಗಟ್ಟಲೆ ಮಾತನಾಡುವ ಜಾಗಗಳಿವು.

ಅಂದಿನ ಸ್ಥಿತಿ ಇಂದಿಲ್ಲ. ಆದರೆ ‘ಎಲ್ಲರೂ ಲಸಿಕೆ ಹಾಕಿಸಿಕೊಂಡವರೇ’ ಎಂಬ ನಿಮ್ಮ ಏಜೆಂಟರ ಮಾತು ಅರ್ಧ ಸತ್ಯ. ಲಸಿಕೆ ಆಸ್ಪತ್ರೆ ಸೇರುವ ಸಂಭವವನ್ನು ಬಹಳ ತಗ್ಗಿಸುತ್ತದೆ, ಸೋಂಕು ತಗಲುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಕೋವಿಡ್‌ನ ಓಮಿಕ್ರಾನ್ ತಳಿ ಹಬ್ಬುತ್ತಿದ್ದಾಗ, 2021ರ ಡಿಸೆಂಬರ್ 30ರಂದು, ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ‘ಲಸಿಕೆ ಆಗಿರಲಿ ಬಿಡಲಿ, ಕ್ರೂಸ್ ಬೇಡ’ ಎಂಬ ಅರ್ಥದ ಎಚ್ಚರಿಕೆ ಹೊರಡಿಸಿತು. 2022ರ ಮಾರ್ಚ್ ಕೊನೆಯಲ್ಲಷ್ಟೇ ಅದನ್ನು ಪೂರ್ತಿಯಾಗಿ ತೆಗೆಯಿತು. ಹಡಗು ಹತ್ತುವ ಮುಂಚಿನ ಪರೀಕ್ಷೆಯೂ ಪೂರ್ಣ ರಕ್ಷೆಯಲ್ಲ. ಓಮಿಕ್ರಾನ್ ತಗಲಿದ ಮೇಲೆ ಲಕ್ಷಣ ಕಾಣಿಸಲು ಸುಮಾರು ಮೂರು ದಿನ ಹಿಡಿಯುತ್ತದೆ. ಹೊರಡುವ ಎರಡು ದಿನ ಮುಂಚೆ ನೆಗೆಟಿವ್ ವರದಿ ಪಡೆದು, ಅದೇ ಸಂಜೆ ಜನಜಂಗುಳಿಯ ಸಮಾರಂಭಕ್ಕೆ ಹೋಗಿ ಸೋಂಕು ಅಂಟಿಸಿಕೊಂಡವರು ಹಡಗಿನ ಎರಡನೇ ದಿನಕ್ಕೋ ಮೂರನೇ ದಿನಕ್ಕೋ ಗಂಟಲು ಕೆರೆಯುತ್ತದೆಂದು ವೈದ್ಯರ ಬಳಿ ಬರುತ್ತಾರೆ. ಆದ್ದರಿಂದ ಹೊರಡುವ ಮುಂಚಿನ ಐದಾರು ದಿನ ನೀವೈವರೂ ಜನಸಂದಣಿಯಿಂದ ದೂರವಿರುವುದು, ಹಡಗು ಹತ್ತಿದ ಮೇಲೆ ಮಾಡುವ ಯಾವ ಎಚ್ಚರಿಕೆಗಿಂತಲೂ ಹೆಚ್ಚು ಫಲ ಕೊಡುತ್ತದೆ.

ಇನ್ನು ಅಪ್ಪನ ಲಸಿಕೆ. 2022ರಲ್ಲಿ, ಫೆಬ್ರುವರಿ 1ರಿಂದ, ಐರೋಪ್ಯ ಒಕ್ಕೂಟದ ಒಳಗಿನ ಪ್ರಯಾಣಕ್ಕೆ, ವಯಸ್ಕರ ಮೊದಲ ಸುತ್ತಿನ ಲಸಿಕೆಯ ಪ್ರಮಾಣಪತ್ರ ಕೊನೆಯ ಡೋಸ್‌ನಿಂದ 270 ದಿನ ಮಾತ್ರ ಸಿಂಧುವಾಗಿತ್ತು. ಬೂಸ್ಟರ್ ಪಡೆದವರಿಗೆ ಈ ಮಿತಿ ಇರಲಿಲ್ಲ. ಹೊರಗಿನಿಂದ ಬರುವವರಿಗೂ ಹಲವು ದೇಶಗಳು ಇದೇ ಅಳತೆಗೋಲನ್ನು ಹಿಡಿದಿದ್ದವು. ಆಗಸ್ಟ್ 10ರಿಂದ ಎಣಿಸಿದರೆ 270ನೆಯ ದಿನ ಬರುವುದು ಮೇ 7ಕ್ಕೆ. ಅಂದರೆ ನೀವು ಹೊರಡುವ ಹೊತ್ತಿಗೆ, ಈ ಅಳತೆಯ ಪ್ರಕಾರ, ಅಪ್ಪನ ಎರಡು ಡೋಸ್‌ಗಳ ಕಾಗದಕ್ಕೆ ಅವಧಿ ಮುಗಿದು ಒಂದು ತಿಂಗಳು ದಾಟಿರುತ್ತದೆ. ‘ಎರಡು ಡೋಸ್ ಸಾಕು’ ಎಂದವರು ಈ ಲೆಕ್ಕ ಹಾಕಿಲ್ಲ.

ಜನವರಿಯ ಸೋಂಕಿನಿಂದ ಏನಾದರೂ ಅನುಕೂಲ ಉಂಟೇ ಎಂದು ಕೇಳಬಹುದು. ಉಂಟು, ಆದರೆ ಎಲ್ಲೆಡೆ ಅಲ್ಲ. ಯುರೋಪಿನ ಲೆಕ್ಕದಲ್ಲಿ ಗುಣಮುಖರಾದವರ ಪ್ರಮಾಣಪತ್ರ ಮೊದಲ ಪಾಸಿಟಿವ್ ವರದಿಯಿಂದ 180 ದಿನಗಳವರೆಗೆ ನಡೆಯುತ್ತಿತ್ತು; ಜನವರಿ 15ರಿಂದ ಎಣಿಸಿದರೆ ಜುಲೈ 14. ಅಮೆರಿಕಕ್ಕೆ ಹಾರುವವರಿಗೆ ಅದೇ ಕಾಗದ 90 ದಿನ ಮಾತ್ರ ಕೆಲಸಕ್ಕೆ ಬರುತ್ತಿತ್ತು, ಆ ಲೆಕ್ಕದಲ್ಲಿ ಏಪ್ರಿಲ್ ಮಧ್ಯಕ್ಕೇ ಮುಗಿಯಿತು. ಅದೂ ಪ್ರಯೋಗಾಲಯದ ವರದಿ ಇದ್ದರೆ ಮಾತ್ರ; ಮನೆಯಲ್ಲಿ ಕಿಟ್ ಹಚ್ಚಿ ಎರಡು ಗೆರೆ ನೋಡಿದ್ದಾದರೆ ಅದಕ್ಕೆ ಯಾವ ಬೆಲೆಯೂ ಇರಲಿಲ್ಲ. ಇದೆಲ್ಲಕ್ಕಿಂತ ಮುಖ್ಯವಾಗಿ, ದೇಶ ಒಪ್ಪಿದ್ದನ್ನು ಹಡಗು ಒಪ್ಪಲೇಬೇಕೆಂದಿಲ್ಲ. ಕ್ರೂಸ್ ಕಂಪನಿಗಳ ಷರತ್ತುಗಳು ಎಷ್ಟೋ ಸಲ ದೇಶದ ನಿಯಮಕ್ಕಿಂತ ಬಿಗಿಯಾಗಿರುತ್ತವೆ, ಗುಣಮುಖರಾದವರ ಪತ್ರವನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಕಂಪನಿಗಳಿದ್ದವು. ಜೂನ್ ಹೊತ್ತಿಗೆ ಕೆಲವು ದೇಶಗಳು ನಿಯಮ ಸಡಿಲಿಸಿದರೂ ಹಡಗಿನ ಷರತ್ತು ಹಾಗೆಯೇ ಉಳಿಯಬಹುದು. ಆದ್ದರಿಂದ ನನ್ನ ಮಾತು ಇಷ್ಟೇ: ಸೋಂಕಾಗಿ ಮೂರು ತಿಂಗಳು ಕಳೆದಿದೆ, ಅಪ್ಪನ ಹೃದ್ರೋಗ ತಜ್ಞರನ್ನು ಒಮ್ಮೆ ಕೇಳಿ ಈ ವಾರವೇ ಬೂಸ್ಟರ್ ಕೊಡಿಸಿ. ಹದಿನಾಲ್ಕು ದಿನ ಕಳೆದಿರಬೇಕೆಂದು ಯಾರಾದರೂ ಕೇಳಿದರೂ ಸಮಯ ಉಳಿದಿರುತ್ತದೆ. ಕಾಗದಕ್ಕಾಗಿ ಅಲ್ಲದಿದ್ದರೂ 72ರ ವಯಸ್ಸಿಗೆ ಸ್ಟೆಂಟ್ ಇರುವವರಿಗೆ ಅದು ಬೇಕಾದದ್ದೇ. ನಿಮ್ಮ, ಅಮ್ಮನ ಡೋಸ್‌ಗಳ ತಾರೀಖನ್ನೂ ಹೀಗೆಯೇ ಬೆರಳು ಮಡಿಚಿ ಎಣಿಸಿ ನೋಡಿ.

ಯಾವ ಲಸಿಕೆ ಎಂಬುದೂ ಮುಖ್ಯ. ಯುರೋಪಿನ ಔಷಧ ಸಂಸ್ಥೆ ಒಪ್ಪಿದ ಲಸಿಕೆಗಳನ್ನು ಒಕ್ಕೂಟದ ಎಲ್ಲ ದೇಶಗಳೂ ಒಪ್ಪಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ತುರ್ತು ಬಳಕೆಯ ಪಟ್ಟಿಯಲ್ಲಿ ಮಾತ್ರ ಇರುವ ಲಸಿಕೆಗಳನ್ನು ಒಪ್ಪುವುದು ಬಿಡುವುದು ಆಯಾ ದೇಶದ ಇಷ್ಟವಾಗಿತ್ತು. ಪ್ರಮಾಣಪತ್ರದ ಹೆಸರು, ಜನ್ಮದಿನಾಂಕ ಪಾಸ್‌ಪೋರ್ಟ್‌ನೊಂದಿಗೆ ಅಕ್ಷರಶಃ ಹೊಂದಬೇಕು. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಪೂರ್ತಿ ಹೆಸರು ಇದ್ದು, ಚೆಕ್-ಇನ್ ಕೌಂಟರಿನ ಮುಂದೆ ಬೆವರುತ್ತ ನಿಂತವರನ್ನು ಕಂಡಿದ್ದೇನೆ. ಮನೆಯಲ್ಲಿ ಕುಳಿತು ತಿದ್ದಿಸಲು ಒಂದು ವಾರ ಸಾಕು, ಬಂದರಿನಲ್ಲಿ ಒಂದು ಗಂಟೆಯೂ ಸಿಗುವುದಿಲ್ಲ.

ಇಲ್ಲಿಗೆ ಬಂದಾಗ ನಿಮ್ಮ ಮಾರ್ಗದ ಒಂದು ಸೂಕ್ಷ್ಮವನ್ನು ಹೇಳಬೇಕು, ಇದನ್ನು ಏಜೆಂಟರು ಹೇಳಿರಲಾರರು. ಇಟಲಿ, ಗ್ರೀಸ್ ಷೆಂಗೆನ್ ವಲಯದಲ್ಲಿವೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿ. ಕ್ರೊಯೇಷಿಯಾ ಒಕ್ಕೂಟದ ಸದಸ್ಯ ದೇಶವಾದರೂ 2022ರಲ್ಲಿ ಷೆಂಗೆನ್‌ನಲ್ಲಿರಲಿಲ್ಲ, ಮಾಂಟೆನೆಗ್ರೊ ಎರಡರಲ್ಲೂ ಇಲ್ಲ. ಅಂದರೆ ಆ ವರ್ಷದ ಲೆಕ್ಕದಲ್ಲಿ ಟ್ರಿಯೆಸ್ಟ್‌ನಿಂದ ದುಬ್ರೊವ್ನಿಕ್‌ಗೆ ಹೋದಾಗ ನೀವು ಷೆಂಗೆನ್‌ನಿಂದ ಹೊರಬಿದ್ದಂತೆ, ಕಾರ್ಫುವಿನಲ್ಲಿ ಮತ್ತೆ ಒಳಬಂದಂತೆ. ಏಕಪ್ರವೇಶದ ವೀಸಾ ಪಡೆದಿದ್ದರೆ ಅದು ಮೊದಲ ಪ್ರವೇಶದಲ್ಲೇ ಖರ್ಚಾಗಿರುತ್ತದೆ. ಬಹುಪ್ರವೇಶದ ವೀಸಾವನ್ನೇ ಕೇಳಿ. ಅದಿದ್ದರೆ ಕ್ರೊಯೇಷಿಯಾ ಮತ್ತು ಮಾಂಟೆನೆಗ್ರೊ ಕೂಡ ಸಾಮಾನ್ಯವಾಗಿ ಪ್ರತ್ಯೇಕ ವೀಸಾ ಕೇಳುವುದಿಲ್ಲ. ವೀಸಾದ ದಿನಗಳನ್ನು ಪ್ರವಾಸದ ದಿನಗಳಿಗೆ ಅಂಟಿಸಿದಂತೆ ಕೇಳಬೇಡಿ, ಸಾಧ್ಯವಾದರೆ ಹದಿನೈದು ದಿನ ಸಡಿಲವಿರಲಿ. ಸೋಂಕಿನಿಂದ ಸಿಕ್ಕಿಬಿದ್ದವರಿಗೆ ವೀಸಾ ವಿಸ್ತರಿಸಲು ಷೆಂಗೆನ್ ನಿಯಮದಲ್ಲಿ ಅವಕಾಶವಿದೆ, ಆದರೆ ಜ್ವರದಲ್ಲಿ ಮಲಗಿ ಅರ್ಜಿ ಬರೆಯುವುದು ಯಾರಿಗೂ ಬೇಡ. ಪಾಸ್‌ಪೋರ್ಟ್ ವಿಷಯದಲ್ಲೂ ಹೀಗೆಯೇ: ಷೆಂಗೆನ್‌ನಿಂದ ಹೊರಬೀಳುವ ದಿನದ ನಂತರ ಮೂರು ತಿಂಗಳ ಸಿಂಧುತ್ವ ಸಾಕು, ಹಲವು ಕ್ರೂಸ್ ಕಂಪನಿಗಳು ಆರು ತಿಂಗಳು ಕೇಳುತ್ತವೆ. ವಿಮಾನ ಬದಲಿಸುವ ದೇಶ, ಹಡಗು ಹತ್ತುವ ದೇಶ, ಹಡಗು, ಪ್ರತಿ ಬಂದರು, ಮರಳಿ ನಿಮ್ಮ ದೇಶ, ಇವುಗಳಲ್ಲಿ ಯಾವುದರ ನಿಯಮ ಎಲ್ಲಕ್ಕಿಂತ ಬಿಗಿಯೋ ಅದನ್ನೇ ನಿಮ್ಮ ನಿಯಮವೆಂದು ಹಿಡಿಯಿರಿ.

ಬಂದರು ಹಡಗನ್ನು ತಡೆಯುವುದು ಹೊಸ ಸಂಗತಿಯಲ್ಲ. ನೀವು ನೋಡಲಿರುವ ದುಬ್ರೊವ್ನಿಕ್‌ಗೆ ಹಿಂದೆ ರಗೂಸಾ ಎಂದು ಹೆಸರು. ಪ್ಲೇಗಿನ ಕಾಲದಲ್ಲಿ, 1377ರಲ್ಲಿ, ರೋಗಪೀಡಿತ ಪ್ರದೇಶಗಳಿಂದ ಬಂದವರು ಒಂದು ತಿಂಗಳು ಹೊರಗೆ ಕಳೆಯದೆ ಊರೊಳಗೆ ಬರುವಂತಿಲ್ಲ ಎಂದು ಆ ನಗರ ಕಾನೂನು ಮಾಡಿತು. ಆ ಮೂವತ್ತು ದಿನ ಮುಂದೆ ಇಟಲಿಯ ನಗರಗಳಲ್ಲಿ ನಲವತ್ತಾಗಿ, ನಲವತ್ತಕ್ಕಿರುವ ಅವರ ಪದದಿಂದಲೇ ‘ಕ್ವಾರಂಟೈನ್’ ಹುಟ್ಟಿತು. ನಂತರದ ಕಾಲದ ಕ್ವಾರಂಟೈನ್ ಕಟ್ಟಡಗಳು ಅಲ್ಲಿ ಇಂದಿಗೂ ನಿಂತಿವೆ, ಸಮಯ ಸಿಕ್ಕರೆ ನೋಡಿ ಬನ್ನಿ. ಇಂದಿಗೂ ಬಂದರು ಆರೋಗ್ಯಾಧಿಕಾರಿಗಳು ಕೇಳಿದಾಗ ಹಡಗಿನ ಕ್ಯಾಪ್ಟನ್ ಎಷ್ಟು ಜನರಿಗೆ ಕಾಯಿಲೆಯಿದೆ ಎಂಬ ಘೋಷಣಾಪತ್ರ ಕೊಡಬೇಕು. ಅದನ್ನು ನೋಡಿ ಅವರು ತೀರ್ಮಾನಿಸುತ್ತಾರೆ. ಆ ತೀರ್ಮಾನ ಯಾವಾಗಲೂ ವಿಜ್ಞಾನದಂತೆ ನಡೆಯುವುದಿಲ್ಲ. 2020ರ ಫೆಬ್ರುವರಿಯಲ್ಲಿ ವೆಸ್ಟರ್‌ಡ್ಯಾಮ್ ಎಂಬ ಹಡಗನ್ನು ಜಪಾನ್, ತೈವಾನ್, ಫಿಲಿಪ್ಪೀನ್ಸ್, ಗುವಾಮ್, ಥಾಯ್ಲೆಂಡ್ ಒಂದಾದ ಮೇಲೊಂದು ತಿರಸ್ಕರಿಸಿ, ಕೊನೆಗೆ ಕಾಂಬೋಡಿಯಾ ಬರಮಾಡಿಕೊಂಡಿತು. ಪರೀಕ್ಷೆಗಳೂ ತಪ್ಪುತ್ತವೆ: ಅದೇ ವರ್ಷ ಡಿಸೆಂಬರ್‌ನಲ್ಲಿ ಸಿಂಗಪುರದಿಂದ ಹೊರಟ ಹಡಗೊಂದು ಒಬ್ಬ ವೃದ್ಧರ ಪಾಸಿಟಿವ್ ವರದಿಯಿಂದ ಅವಧಿಗೆ ಮೊದಲೇ ಮರಳಿತು, ದಡಕ್ಕೆ ಬಂದ ಮೇಲೆ ಮಾಡಿದ ಪರೀಕ್ಷೆಗಳೆಲ್ಲ ನೆಗೆಟಿವ್ ಬಂದವು. ಬಂದರು ತಪ್ಪಿದರೆ ಪರಿಹಾರ ಸಿಗುತ್ತದೆಂದು ಎಣಿಸಬೇಡಿ. ಮಾರ್ಗ ಬದಲಿಸುವ ಹಕ್ಕನ್ನು ಕಂಪನಿ ಟಿಕೆಟ್‌ನ ಕರಾರಿನಲ್ಲೇ ತನ್ನ ಬಳಿ ಇಟ್ಟುಕೊಂಡಿರುತ್ತದೆ.

ಈಗ ಆ ಹತ್ತು ದಿನಗಳ ಮಾತು. ಅಮೆರಿಕದ ಸಿಡಿಸಿ 2021ರ ಡಿಸೆಂಬರ್‌ನಲ್ಲಿ ಸಾರ್ವಜನಿಕರ ಐಸೊಲೇಷನ್ ಅವಧಿಯನ್ನು ಐದು ದಿನಕ್ಕೆ ಇಳಿಸಿದಾಗಲೂ ಕ್ರೂಸ್ ಹಡಗಿನಂಥ ಜನದಟ್ಟಣೆಯ ಜಾಗಗಳಿಗೆ ಹತ್ತೇ ದಿನ ಉಳಿಸಿತು. ನಿಮ್ಮಲ್ಲಿ ಯಾರಿಗಾದರೂ ಐದನೆಯ ದಿನ ಪಾಸಿಟಿವ್ ಬಂದು, ಇದೇ ಹತ್ತು ದಿನದ ಲೆಕ್ಕ ಹಿಡಿದರೆ, ಹಡಗು ಟ್ರಿಯೆಸ್ಟ್ ಮುಟ್ಟಿದ ಮೇಲೂ ಸುಮಾರು ಒಂದು ವಾರ ಅವರು ಅಲ್ಲೇ ಎಲ್ಲೋ ಹೋಟೆಲಿನಲ್ಲಿ ಉಳಿಯಬೇಕಾಗುತ್ತದೆ. ಹೋಟೆಲಿನ ವೆಚ್ಚ ಯಾರದು? ಬದಲಾದ ವಿಮಾನದ ಟಿಕೆಟ್ ಯಾರು ಕೊಡುತ್ತಾರೆ? ಕೆಲವು ಕಂಪನಿಗಳು ಭರಿಸುತ್ತವೆ, ಕೆಲವು ಕೈ ತೊಳೆದುಕೊಳ್ಳುತ್ತವೆ. ಏಜೆಂಟರ ಬಾಯಿಮಾತು ಬೇಡ, ಲಿಖಿತವಾಗಿ ಕೇಳಿ ಪಡೆಯಿರಿ.

ವಿಮೆಯ ಬಗ್ಗೆ ಜನರಿಗಿರುವಷ್ಟು ತಪ್ಪು ಕಲ್ಪನೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಬೇಕು, ಆದ್ದರಿಂದ ಎಲ್ಲರ ಬಳಿಯೂ ಒಂದು ಪಾಲಿಸಿ ಇದ್ದೇ ಇರುತ್ತದೆ, ಅದೇ ಸಾಕೆಂದುಕೊಳ್ಳುತ್ತಾರೆ. ಆ ಪಾಲಿಸಿಯಲ್ಲಿ ನೀವು ಹುಡುಕಬೇಕಾದ ಸಾಲುಗಳು ಇವು: ಸಾಂಕ್ರಾಮಿಕ ಪಿಡುಗನ್ನು ಹೊರಗಿಟ್ಟಿದೆಯೇ, ಆಸ್ಪತ್ರೆ ಸೇರದೆ ಕೇವಲ ಐಸೊಲೇಷನ್‌ನಲ್ಲಿ ಉಳಿದರೆ ವಸತಿ ವೆಚ್ಚ ಕೊಡುತ್ತದೆಯೇ, ಅಪ್ಪನ ಸ್ಟೆಂಟ್, ಅಮ್ಮನ ಸಕ್ಕರೆ ಕಾಯಿಲೆಯಂಥ ಮೊದಲೇ ಇದ್ದ ಕಾಯಿಲೆಗಳು ಒಳಗಿವೆಯೇ, ಸಮುದ್ರದ ನಡುವಿನಿಂದ ದಡಕ್ಕೆ ರೋಗಿಯನ್ನು ಸಾಗಿಸುವ ವೆಚ್ಚ ಸೇರಿದೆಯೇ. ಸ್ಟೆಂಟ್ ವಿಷಯ ಮುಚ್ಚಿಟ್ಟು ಕೊಂಡ ಪಾಲಿಸಿ ಎದೆನೋವಿನ ದಿನ ಕೈಕೊಡುತ್ತದೆ. ಹಡಗಿನ ಆಸ್ಪತ್ರೆ ಟಿಕೆಟ್‌ನಲ್ಲಿ ಸೇರಿದೆಯೆಂದು ಭಾವಿಸುವವರೂ ಇದ್ದಾರೆ. ಹಾಗಿಲ್ಲ, ಸಾಮಾನ್ಯವಾಗಿ ಪ್ರತಿ ಭೇಟಿಗೂ ಬಿಲ್ ಬರುತ್ತದೆ, ನೀವು ಮೊದಲು ಕಟ್ಟಿ ಆಮೇಲೆ ವಿಮೆಯಿಂದ ಪಡೆಯಬೇಕು. ನಾವು ಅಲ್ಲಿ ಹೃದಯಾಘಾತವಾದವರನ್ನು ಸ್ಥಿರಗೊಳಿಸಿ ಇರಿಸಿಕೊಳ್ಳಬಲ್ಲೆವು, ಮುಚ್ಚಿದ ರಕ್ತನಾಳ ತೆರೆಯಲು ದಡ ಮುಟ್ಟಲೇಬೇಕು.

ಔಷಧಿಗಳಲ್ಲಿ ನಾನು ಕಟ್ಟುನಿಟ್ಟು. ಪ್ರವಾಸದ ದಿನಗಳಿಗೆ ಬೇಕಾದಷ್ಟರ ಮೇಲೆ ಎರಡು ವಾರಗಳ ಮಾತ್ರೆ, ಇನ್ಸುಲಿನ್, ಸೂಜಿ ಒಯ್ಯಿರಿ, ಎಲ್ಲವೂ ಕೈಚೀಲದಲ್ಲೇ ಇರಲಿ. ಹಡಗು ಹತ್ತುವಾಗ ಒಪ್ಪಿಸಿದ ದೊಡ್ಡ ಸೂಟ್‌ಕೇಸ್ ಕ್ಯಾಬಿನ್ ಬಾಗಿಲಿಗೆ ಬರುವಾಗ ರಾತ್ರಿಯಾಗುವುದುಂಟು. ಕ್ಯಾಬಿನ್‌ನ ಪುಟ್ಟ ಫ್ರಿಜ್ ಪಾನೀಯ ತಂಪಾಗಿಡಲು ಇರುವಂಥದ್ದು, ಅದರ ಉಷ್ಣತೆಯನ್ನು ನಂಬಿ ಇನ್ಸುಲಿನ್ ಇಡುವಂತಿಲ್ಲ. ಔಷಧಿಗೆಂದೇ ಇರುವ ಫ್ರಿಜ್ ಬೇಕೆಂದು ಕಂಪನಿಗೆ ಮೊದಲೇ ತಿಳಿಸಿ. ಅಪ್ಪನ ಔಷಧಿಗಳನ್ನು ಬ್ರ್ಯಾಂಡ್ ಹೆಸರಿನ ಬದಲು ಮೂಲ ರಾಸಾಯನಿಕ ಹೆಸರಿನಲ್ಲಿ ಬರೆಸಿ, ಇತ್ತೀಚಿನ ಇಸಿಜಿಯ ಪ್ರತಿಯೊಂದಿಗೆ ಇಟ್ಟುಕೊಳ್ಳಿ. ಇದಕ್ಕೊಂದು ವಿಶೇಷ ಕಾರಣವಿದೆ. ಕೋವಿಡ್‌ಗೆ ಕೊಡುವ ಪ್ಯಾಕ್ಸ್‌ಲೋವಿಡ್ ಮಾತ್ರೆಯನ್ನು ಲಕ್ಷಣ ಕಂಡ ಐದು ದಿನದೊಳಗೆ ಶುರು ಮಾಡಬೇಕು. ಆದರೆ ಅದು ಕೆಲವು ಕೊಲೆಸ್ಟರಾಲ್ ಮಾತ್ರೆಗಳ ಜೊತೆಗೂ, ಸ್ಟೆಂಟ್ ಹಾಕಿದವರು ನುಂಗುವ ಕೆಲವು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳ ಜೊತೆಗೂ ಹೊಂದುವುದಿಲ್ಲ. ಅಪ್ಪ ಏನೇನು ನುಂಗುತ್ತಾರೆಂದು ಅಲ್ಲಿನ ವೈದ್ಯರಿಗೆ ಮೊದಲ ನಿಮಿಷದಲ್ಲೇ ಗೊತ್ತಾಗಬೇಕು.

ಮಗಳ ವಿಷಯ ಸುಲಭ. ಐದು ವರ್ಷದೊಳಗಿನವರಿಗೆ 2022ರ ಆರಂಭದಲ್ಲಿ ಬಹುತೇಕ ಕಡೆ ಲಸಿಕೆಯೇ ಇನ್ನೂ ಬಂದಿರಲಿಲ್ಲವಾದ್ದರಿಂದ ಅವರಿಗೆ ಸಾಮಾನ್ಯವಾಗಿ ವಿನಾಯಿತಿ ಇತ್ತು; ಪರೀಕ್ಷೆ ಮಾತ್ರ ಕೇಳಬಹುದಿತ್ತು. ಪರೀಕ್ಷೆಯ ಗಡುವನ್ನು ಓದುವಾಗ 72 ಗಂಟೆ ಎಂದಿದೆಯೋ, ಎರಡು ದಿನ ಎಂದಿದೆಯೋ, ಅದನ್ನು ಮಾದರಿ ಕೊಟ್ಟ ಹೊತ್ತಿನಿಂದ ಎಣಿಸುತ್ತಾರೋ ವರದಿ ಬಂದ ಹೊತ್ತಿನಿಂದಲೋ, ವಿಮಾನದವರೆಗೋ ಹಡಗಿನವರೆಗೋ ಎಂದು ನೋಡಿ. ಅಪ್ಪನಿಗೆ ಆಯ್ಕೆಯಿದ್ದರೆ ರ‍್ಯಾಪಿಡ್ ಆ್ಯಂಟಿಜೆನ್ ಪರೀಕ್ಷೆಯನ್ನೇ ಮಾಡಿಸಿ. ವಾಸಿಯಾದ ಮೇಲೂ ಕೆಲವರಲ್ಲಿ ಆರ್‌ಟಿ-ಪಿಸಿಆರ್ ವಾರಗಟ್ಟಲೆ, ಮೂರು ತಿಂಗಳವರೆಗೂ, ಪಾಸಿಟಿವ್ ತೋರಿಸುವುದುಂಟು. ಜೂನ್ ಹೊತ್ತಿಗೆ ಆ ಸಂಭವ ಕಡಿಮೆ, ಆದರೂ ಜನವರಿಯ ವರದಿ ಜೇಬಿನಲ್ಲಿರಲಿ. ಮಗುವಿಗೆ ಕಾಯಿಲೆಯೇನಾದರೂ ಬಂದರೆ ಅದು ಕೋವಿಡ್ ಆಗಿರಬೇಕೆಂದಿಲ್ಲ, ಹಡಗಿನ ಹಳೆಯ ಶತ್ರು ನೊರೊವೈರಸ್ಸಿನ ವಾಂತಿಭೇದಿಯೂ ಆಗಿರಬಹುದು. ಅದು ಸ್ಯಾನಿಟೈಸರ್‌ಗೆ ಅಷ್ಟಾಗಿ ಬಗ್ಗುವುದಿಲ್ಲ, ಸೋಪು ನೀರಿನಿಂದಲೇ ಕೈ ತೊಳೆಸಿ.

ಹೋಗುವುದೇ ಬೇಡವೇ? ನನ್ನ ಲೆಕ್ಕ ಹೀಗಿದೆ. ಬೂಸ್ಟರ್ ಆಗಿ, ಬಹುಪ್ರವೇಶದ ವೀಸಾ ಸಿಕ್ಕಿ, ಐಸೊಲೇಷನ್ ವೆಚ್ಚ ಕೊಡುವ ಪಾಲಿಸಿ ಕೈಗೆ ಬಂದು, ದಿನಾಂಕ ಬದಲಿಸಬಹುದಾದ ವಿಮಾನದ ಟಿಕೆಟ್ ಇದ್ದರೆ ಹೋಗಿ ಬನ್ನಿ. ಆಗ ಉಳಿಯುವುದು ಹಿರಿಯರು ಎಲ್ಲಿದ್ದರೂ ಎದುರಿಸುವ ಅಪಾಯ, ಅದರ ಮೇಲೆ ಜನಸಂದಣಿಯ ಒಂದಿಷ್ಟು ಹೆಚ್ಚಳ. ಇವುಗಳಲ್ಲಿ ವೀಸಾ ಅಥವಾ ವಿಮೆ ಕೈಗೂಡದಿದ್ದರೆ ಮುಂದಕ್ಕೆ ಹಾಕುವುದೇ ಲೇಸು. ಮುಂದಕ್ಕೆ ಹಾಕುವುದಕ್ಕೂ ಬೆಲೆಯಿದೆ: ನಗದಿನ ಬದಲು ಮುಂದಿನ ಪ್ರಯಾಣದ ಕ್ರೆಡಿಟ್ ಕೊಡುತ್ತಾರೆ, ಅದಕ್ಕೆ ಕೊನೆಯ ದಿನಾಂಕವಿರುತ್ತದೆ, ಕಂಪನಿಯೇ ಮುಚ್ಚಿದರೆ ಅದು ಬರಿಯ ಕಾಗದ. ಇನ್ನು ಹಣದ ಅಥವಾ ರಜೆಯ ದೃಷ್ಟಿಯಿಂದ ನಿಮ್ಮಲ್ಲಿ ಒಬ್ಬರಿಗಾದರೂ ಹತ್ತು ದಿನ ಹೆಚ್ಚು ಉಳಿಯಲು ಸಾಧ್ಯವೇ ಇಲ್ಲವೆಂದಾದರೆ, ಉಳಿದದ್ದೆಲ್ಲ ಸರಿಯಿದ್ದರೂ ಈ ಬೇಸಿಗೆಯಲ್ಲಿ ಬೇಡ ಎನ್ನುತ್ತೇನೆ. ಹೋಗುವುದಾದರೆ ಎರಡು ಕ್ಯಾಬಿನ್ ಪಡೆಯಿರಿ, ಸಾಧ್ಯವಾದರೆ ಬಾಲ್ಕನಿ ಇರುವಂಥದ್ದು. ಅಪ್ಪನಿಗೆ ಸೋಂಕಾದರೆ ಅವರ ಜೊತೆ ದಡದಲ್ಲಿ ಉಳಿಯುವವರು ಯಾರು, ಮಗಳನ್ನು ಕರೆದುಕೊಂಡು ಮರಳುವವರು ಯಾರು ಎಂಬುದನ್ನು ಈಗಲೇ, ಎಲ್ಲರೂ ಶಾಂತವಾಗಿರುವಾಗ, ಮಾತನಾಡಿ ಇಟ್ಟುಕೊಳ್ಳಿ.

ಕೊನೆಯದಾಗಿ ಕೆಮ್ಮು. ಬರೆಯಿರಿ. ಫಾರ್ಮ್‌ನಲ್ಲಿ ‘ಇಲ್ಲ’ ಎಂದು ಗುರುತು ಹಾಕಿ, ಎರಡನೇ ರಾತ್ರಿ ಊಟದ ಮನೆಯಲ್ಲಿ ಕೆಮ್ಮಿ, ಪಕ್ಕದ ಮೇಜಿನವರ ದೂರಿನಿಂದ ನನ್ನೆದುರು ಬಂದು ಕುಳಿತ ಹಿರಿಯರೊಬ್ಬರು ನೆನಪಿದ್ದಾರೆ. ಅವರಿಗೆ ಇದ್ದದ್ದು ರಕ್ತದೊತ್ತಡದ ಮಾತ್ರೆಯಿಂದ ಬಂದ ಒಣಕೆಮ್ಮು, ಬೇರೇನೂ ಅಲ್ಲ. ಆದರೆ ಒಮ್ಮೆ ಸುಳ್ಳು ಬರೆದವರ ಎರಡನೆಯ ಮಾತನ್ನು ನಂಬುವ ಅಧಿಕಾರ ನನಗಿರಲಿಲ್ಲ, ಪರೀಕ್ಷೆಗಳು ಮುಗಿಯುವವರೆಗೆ ಅವರು ಕ್ಯಾಬಿನ್ ಬಿಟ್ಟು ಕದಲಲಾಗಲಿಲ್ಲ. ಈ ಬಗೆಯ ಕೆಮ್ಮು ಹೃದ್ರೋಗಿಗಳಲ್ಲಿ ಸಾಮಾನ್ಯ. ನಿಮ್ಮ ಅಪ್ಪನದು ನಿಜಕ್ಕೂ ಅಲರ್ಜಿಯೋ ಅಥವಾ ಯಾವುದಾದರೂ ಮಾತ್ರೆಯ ಫಲವೋ ಎಂದು ಬೂಸ್ಟರ್ ಬಗ್ಗೆ ಕೇಳಲು ಹೋದಾಗಲೇ ವೈದ್ಯರನ್ನು ವಿಚಾರಿಸಿ. ಕೆಮ್ಮು ಎಷ್ಟು ಕಾಲದಿಂದಿದೆ, ಕಾರಣವೇನು, ಅದು ಸೋಂಕಿನದಲ್ಲ ಎಂಬ ಮೂರು ಸಾಲುಗಳನ್ನು ಅವರ ಲೆಟರ್‌ಹೆಡ್ ಮೇಲೆ ಬರೆಸಿ, ದಿನಾಂಕ, ಸಹಿ ಹಾಕಿಸಿ, ಲಸಿಕೆಯ ಪತ್ರದ ಜೊತೆಗೇ ಇಡಿ. ಆ ಪತ್ರ ಪ್ರಯಾಣದ ಹಿಂದಿನ ಎರಡು ವಾರದೊಳಗಿನದಾಗಿರಲಿ. ಹಳೆಯ ಪತ್ರವನ್ನು ಹಡಗಿನ ವೈದ್ಯರು ಪಕ್ಕಕ್ಕಿಡುತ್ತಾರೆ, ನಾನೂ ಇಡುತ್ತಿದ್ದೆ.